ಬೀಗ ಬಿದ್ದ ದನಿ

ಮಾರ್ಚ್ ೪

ಪ್ರೀತಿಯ ಚಿಕ್ಕಪ್ಪ,

ಧ್ವನಿಪೆಟ್ಟಿಗೆ ತೆಗೆಸಿಕೊಂಡು ಬಂದ ಮೇಲೆ ನೀನು ಮನೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಆದರೂ ಮನೆ ಮೌನವಾದದ್ದು ನಿನ್ನನ್ನು ಬಸ್ಸು ಹತ್ತಿಸಿ ಬಂದ ಮೇಲೆಯೇ. ಅಮ್ಮ ಅಭ್ಯಾಸಬಲದಿಂದ ನಿನಗೂ ತಟ್ಟೆ ಇಟ್ಟಳು, ಎತ್ತಿಟ್ಟಳು, ಆಮೇಲೆ ನನ್ನ ಮೇಲೆ ರೇಗಿದಳು: "ಬಾಯಿ ಮುಚ್ಕೊಂಡಿದ್ರೂ ಎಷ್ಟು ಜಾಗ ಹಿಡೀತಿದ್ದ ನೋಡೇ ನಿನ್ನ ಚಿಕ್ಕಪ್ಪ!"

ಆ ಮಾತು ಕಲಿಸುವ ಆಸ್ಪತ್ರೆಯಲ್ಲಿ ಮೊಬೈಲನ್ನು ಬಾಗಿಲಲ್ಲೇ ಇಸಿದುಕೊಳ್ಳುತ್ತಾರೆ ಎಂದು ತಿಳಿದಾಗ ನಾನು ಒಂದು ಖಂಡನಾ ಪತ್ರವನ್ನೇ ಬರೆದಿದ್ದೆ. ಆಮೇಲೆ ಹರಿದುಹಾಕಿದೆ. ಮೊಬೈಲಿದ್ದರೆ ಎಲ್ಲರೂ ಮೆಸೇಜು ಒತ್ತುತ್ತ ಮೂಲೆ ಹಿಡಿಯುತ್ತಾರೆ, ಬಾಯಿ ತೆರೆಯುವುದಿಲ್ಲ ಎಂಬ ಅವರ ಮಾತಿನಲ್ಲಿ ನ್ಯಾಯವಿದೆ. ಹೇಗೂ ನೀನು ಒಂದು ಅಕ್ಷರ ಹುಡುಕಿ ಒತ್ತುವಷ್ಟರಲ್ಲಿ ಬುಟ್ಟಿಯ ಮೀನು ಹಳಸಿರುತ್ತದೆ. ನಮಗೆ ಕಾಗದವೇ ಸರಿ.

ಈಗ ನಿನ್ನ ದನಿಯ ವಿಷಯ. ಆಪರೇಷನ್ನಿಗೆ ಮೊದಲು ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಾಗದದ ಕಟ್ಟುಗಳ ನಡುವೆ ನಿನ್ನನ್ನು ಕೂರಿಸಿ ರೆಕಾರ್ಡ್ ಮಾಡಿದೆವಲ್ಲ, ಆ ವಾಕ್ಯಗಳನ್ನು ಒಂದೊಂದಾಗಿ ತೊಳೆಯುತ್ತಿದ್ದೇನೆ. ಫ್ಯಾನಿನ ಸದ್ದು, ಬೀದಿಯ ಹಾರ್ನು, ನಿನ್ನ ಕೆಮ್ಮು ಎಲ್ಲವನ್ನೂ ತೆಗೆದು ಬರೀ ದನಿಯನ್ನು ದನಿ ಕಟ್ಟುವವರಿಗೆ ಕಳಿಸಬೇಕು. ಅದರಿಂದ ಅವರು ನಿನ್ನಂತೆಯೇ ಮಾತಾಡುವ ಯಂತ್ರ ಕಟ್ಟಿಕೊಡುತ್ತಾರೆ. ನೀನು ಬೆರಳಲ್ಲಿ ಒತ್ತಿದ್ದನ್ನು ಅದು ನಿನ್ನ ದನಿಯಲ್ಲಿ ಹೇಳುತ್ತದೆ. ಅವರು ಓದಲು ಕೊಟ್ಟ ವಾಕ್ಯಗಳು ಎಷ್ಟು ಸಪ್ಪೆಯೋ ನೀನು ಓದಿದ್ದು ಅಷ್ಟೇ ರಂಪ. "ಕಿಟಕಿ ತೆರೆದಿದೆ" ಎಂಬುದನ್ನು ಕೇಳಿದರೆ, ಮಾರುಕಟ್ಟೆಯಲ್ಲಿ ಮೀನು ಹರಾಜು ಕೂಗುತ್ತಿದ್ದ ಹಾಗೆಯೇ ಕಿಟಕಿಯನ್ನೂ ಹರಾಜಿಗಿಟ್ಟಂತಿದೆ. "ಆ ಹಳದಿ ಕೊಡೆ ಯಾರದು?" ಎಂದಾದ ಮೇಲೆ, "ಯಾರ್ದಾದ್ರೆ ನಿಂಗೇನಯ್ಯ, ಬೆಲೆ ಹೇಳು" ಎಂದು ನಿನ್ನದೂ ಒಂದು ಸೇರಿಸಿದ್ದೀಯ. ಅದನ್ನು ಕತ್ತರಿಸಬೇಕು, ಮನಸ್ಸು ಬರುತ್ತಿಲ್ಲ.

ಒಂದು ತೊಡಕು ಬಂದಿತ್ತು, ಬಗೆಹರಿಸಿದೆ. ನನ್ನ ಕಂಪ್ಯೂಟರಿನ ಆಂಟಿವೈರಸ್‌ಗೆ ಒಂದು ಚಟ. ನಿನ್ನ ದನಿ ಇಟ್ಟ ಫೋಲ್ಡರಿನ ಬಾಗಿಲಲ್ಲಿ ನಿಂತು, ತನಗೆ ಪರಿಚಯವಿಲ್ಲದ ಯಾವ ಪ್ರೋಗ್ರಾಮಿಗೂ ಒಳಗಿನ ಫೈಲು ಮುಟ್ಟಲು ಬಿಡುವುದಿಲ್ಲ. ನಾನು ದನಿ ತೊಳೆಯುವ ಪ್ರೋಗ್ರಾಮು ಯಾವ ಕಂಪನಿಯದೂ ಅಲ್ಲ. ಎಲ್ಲೆಲ್ಲಿಯೋ ಇರುವ ಜನ ಕೂಲಿಯಿಲ್ಲದೆ ಸೇರಿ ಬರೆದು ಎಲ್ಲರಿಗೂ ಕೊಟ್ಟದ್ದು. ಅದಕ್ಕೆ ಗುರುತಿನ ಚೀಟಿ ಇಲ್ಲವಂತೆ! ಉಳಿಸಲು ಹೋದಾಗಲೆಲ್ಲ "ತಡೆಯಲಾಗಿದೆ" ಎಂದು ಕೆಂಪು ಪಟ್ಟಿ. ಮಾರುಕಟ್ಟೆಯ ಗೇಟಿನಲ್ಲಿ ಹಮಾಲರ ಚೀಲ ತಡಕುತ್ತಿದ್ದುದರ ವಿರುದ್ಧ ಬೀದಿಗಿಳಿದವಳು ನಾನು. ನನ್ನದೇ ಮೇಜಿನ ಮೇಲೆ ಅದೇ ದರ್ಬಾರು ನಡೆಯಲು ಬಿಡುತ್ತೇನೆಯೇ? ಆ ಕಾವಲನ್ನೇ ತೆಗೆದುಹಾಕಿದೆ. ಈಗ ಕೆಲಸ ಸರಾಗ. ಗಾಬರಿಯಾಗಬೇಡ, ಉಳಿದ ಆಂಟಿವೈರಸ್ ಹಾಗೆಯೇ ಇದೆ, ಮೂಲೆಯಲ್ಲಿ ಹಸಿರು ಗುರುತು ತೋರಿಸುತ್ತ ಕೂತಿದೆ. ಎಲ್ಲದರ ನಕಲೂ ಪಕ್ಕದಲ್ಲೇ ಚುಚ್ಚಿಟ್ಟಿರುವ ಡಿಸ್ಕಿನಲ್ಲಿದೆ.

ನೀನು ಬರುವಷ್ಟರಲ್ಲಿ ನಿನ್ನ ದನಿ ನಿನ್ನನ್ನು ಬಾಗಿಲಲ್ಲಿ ಕಾಯುತ್ತಿರುತ್ತದೆ.

ನಿನ್ನ
ಬೆಂಕಿಪೊಟ್ಟಣ


ಮಾರ್ಚ್ ೧೧

ಬೆಂಕಿಪೊಟ್ಟಣವೇ,

ಕಾಗದ ತಲುಪಿತು. ಇಲ್ಲಿ ಕೋಣೆಗೆ ಇಬ್ಬರು. ನನ್ನ ಜೊತೆಗಾರ ಒಬ್ಬ ನಿವೃತ್ತ ಮೇಷ್ಟ್ರು, ಅವರಿಗೂ ನನ್ನಂತೆಯೇ ಗಂಟಲು ಖಾಲಿ. ಇಬ್ಬರಿಗೂ ಒಂದೊಂದು ಸ್ಲೇಟು ಕೊಟ್ಟಿದ್ದಾರೆ. ನನಗೆ ಕಿಟಕಿ ತೆರೆದಿರಬೇಕು, ಅವರಿಗೆ ಮುಚ್ಚಿರಬೇಕು ಎಂದು ಅದರಲ್ಲೇ ಜಗಳವಾಡುತ್ತೇವೆ. ನಾನು ಬರೆದ ಬೈಗುಳದ ಕಾಗುಣಿತ ತಿದ್ದಿ ವಾಪಸು ಕೊಡುತ್ತಾರೆ ಪುಣ್ಯಾತ್ಮ. ಕುತ್ತಿಗೆಯಲ್ಲಿ ಉಸಿರಾಡಲು ಮಾಡಿರುವ ತೂತಿಗೆ ಬಟ್ಟೆಯ ಪಟ್ಟಿ ಕಟ್ಟಿಕೊಳ್ಳುತ್ತೇವಲ್ಲ, ಅದನ್ನು ಅವರು ಟೈ ಎನ್ನುತ್ತಾರೆ. ಜೀವಮಾನದಲ್ಲಿ ಟೈ ಕಟ್ಟದವನು ಈಗ ದಿನಕ್ಕೆರಡು ಬದಲಾಯಿಸುತ್ತೇನೆ.

ಮಾತು ಕಲಿಸುವ ಮೇಡಂ ಬೆಳಿಗ್ಗೆ ಬೆಳಿಗ್ಗೆ ಏನೋ ಕಸರತ್ತು ಮಾಡಿಸುತ್ತಾರೆ. ಬರೆದು ಹೇಳುವಂಥದ್ದಲ್ಲ, ಬಿಡು.

ನಿನ್ನ ಕಾವಲುಗಾರನ ಕಥೆ ಓದಿ ನಕ್ಕೆ. ನಗು ಬಂದರೂ ಸದ್ದು ಬರುವುದಿಲ್ಲ, ಹೊಟ್ಟೆ ಮಾತ್ರ ಕುಣಿಯುತ್ತದೆ. ಆದರೆ ಒಂದು ಮಾತು. ಹಮಾಲರ ಚೀಲ ತಡಕುವುದು ತಪ್ಪು, ಒಪ್ಪಿದೆ. ಹಾಗೆಂದು ಐಸ್ ಕೋಣೆಯ ಬಾಗಿಲು ಹಾರುಹೊಡೆದಿಟ್ಟು ಮನೆಗೆ ಹೋದವರನ್ನು ನಾನು ನೋಡಿಲ್ಲ. ಕಂಪ್ಯೂಟರು ನಿನ್ನ ರಾಜ್ಯ, ನನಗೇನು ತಿಳಿಯುತ್ತದೆ.

ಬೆಳ್ಳುಳ್ಳಿ ಅಜ್ಜಿ ಹೇಗಿದ್ದಾಳೆ? ಹೆದರಿಸಿ ದುಡ್ಡು ಕೀಳುವ ವಸೂಲಿ ಹುಡುಗರಿಗೆ ಒಂದು ಕಾಸೂ ಕೊಡಬೇಡಿ ಎಂಬ ನಿನ್ನ ಕರಪತ್ರವನ್ನು ಯಾರಿಂದಲೋ ಓದಿಸಿಕೊಂಡು, ಇಡೀ ಮಾರುಕಟ್ಟೆಯಲ್ಲಿ ಮೊದಲು ಇಲ್ಲ ಎಂದವಳು ಅವಳು. ಬುಟ್ಟಿ ಬೋರಲು ಹಾಕಿಸಿಕೊಂಡವಳೂ ಅವಳೇ. ಅವರ ಕಾಟ ಈಗಲೂ ಇದೆಯೇ?

ಯಂತ್ರ ಬಂದ ಮೇಲೆ ಮೊದಲ ಹರಾಜು ಅವಳ ಕಟ್ಟೆಯ ಮುಂದೆಯೇ ನಿಂತು ಕೂಗಬೇಕೆಂದಿದ್ದೇನೆ. ನನ್ನ ಜಾಗಕ್ಕೆ ಬಂದಿರುವವನು ಮೀನಿಗೆ ಜೋಗುಳ ಹಾಡಿದಂತೆ ಕೂಗುತ್ತಾನೆಂದು ಕೇಳಿದೆ. ಬೇಗ ಕಳಿಸು ಪುಟ್ಟಾ. ಕನಸಿನಲ್ಲಿ ನಾನು ಇನ್ನೂ ಮಾತಾಡುತ್ತೇನೆ, ಎದ್ದ ಮೇಲೆ ಸ್ವಲ್ಪ ಹೊತ್ತು ಕಷ್ಟವಾಗುತ್ತದೆ.

ಅತ್ತಿಗೆಗೆ ನಮಸ್ಕಾರ ಹೇಳು.

ನಿನ್ನ ಚಿಕ್ಕಪ್ಪ


ಮಾರ್ಚ್ ೧೯

ಚಿಕ್ಕಪ್ಪ,

ಕಾಗದ ಬಂತು. ಇಲ್ಲಿ ಎಲ್ಲರೂ ಕ್ಷೇಮ. ಅಜ್ಜಿಯೂ ಕ್ಷೇಮ, ಈಚೆಗೆ ಯಾರೂ ಅವಳ ತಂಟೆಗೆ ಬಂದಿಲ್ಲ.

ಕೆಲಸ ನಡೆಯುತ್ತಿದೆ. ಸ್ವಲ್ಪ ನಿಧಾನ.

ನಿನ್ನ ದನಿ ಬೇರೆ ಎಲ್ಲಾದರೂ ಇದೆಯೇ? ಯಾರದಾದರೂ ಮದುವೆಯ ವಿಡಿಯೊ, ಹಳೆಯ ಕ್ಯಾಸೆಟ್ಟು, ಹರಾಜು ಕಟ್ಟೆಯಲ್ಲಿ ಯಾರಾದರೂ ಮೊಬೈಲಿನಲ್ಲಿ ಹಿಡಿದದ್ದು? ಸುಮ್ಮನೆ ಕೇಳಿದೆ. ಜಾಸ್ತಿಯಿದ್ದಷ್ಟೂ ಯಂತ್ರಕ್ಕೆ ಒಳ್ಳೆಯದಂತೆ.

ಅಂಗಡಿಯಲ್ಲಿ ಕೆಲಸ ಹೆಚ್ಚು, ಉದ್ದ ಬರೆಯಲಾಗುತ್ತಿಲ್ಲ.

ಬೆಂ. ಪೊ.


ಮಾರ್ಚ್ ೨೭

ನನ್ನ ಬೆಂಕಿಪೊಟ್ಟಣವೇ,

ಇಷ್ಟು ಚಿಕ್ಕ ಕಾಗದ ನಿನ್ನಿಂದ ಬಂದದ್ದು ಇದೇ ಮೊದಲು. ಹಾಲಿನವನಿಗೆ ಚೀಟಿ ಬರೆಯುವಾಗಲೂ ನೀನು ಎರಡು ಪುಟ ಬರೆಯುತ್ತಿದ್ದೆ. ಮೇಷ್ಟ್ರಿಗೆ ತೋರಿಸಿದೆ. ಅವರು ಓದಿ ಸ್ಲೇಟಿನ ಮೇಲೆ ಬರೆದರು: "ಹುಡುಗಿಗೆ ಯಾರೋ ಸಿಕ್ಕಿದ್ದಾನೆ." ನಾನೂ ಹಾಗೇ ಅಂದುಕೊಂಡೆ. ಸಿಕ್ಕಿದ್ದರೆ ಸಂತೋಷ. ಕರಪತ್ರ ಹಂಚುವಾಗ ಅರ್ಧ ಕಟ್ಟು ತಾನು ಹೊರುವವನಾಗಿದ್ದರೆ ಸಾಕು. ಅತ್ತಿಗೆಗೆ ಹೇಳಲು ಅಂಜಿಕೆಯಾದರೆ ನಾನು ಬಂದ ಮೇಲೆ ಸ್ಲೇಟಿನಲ್ಲಿ ಬರೆದು ತೋರಿಸುತ್ತೇನೆ. ಬೈದರೂ ಎದುರುತ್ತರ ಕೊಡದವನನ್ನು ಎಷ್ಟು ಹೊತ್ತು ಬೈಯುತ್ತಾರೆ?

ಆ ದನಿಯ ಕೆಲಸಕ್ಕೆ ಅವಸರ ಬೇಡ. ಕಳೆದ ಕಾಗದದಲ್ಲಿ ಬೇಗ ಕಳಿಸು ಎಂದಿದ್ದೆ, ಅದನ್ನು ಮರೆತುಬಿಡು. ಒಂದು ತಿಂಗಳು ತಡವಾದರೂ ಆಗಲಿ, ನನಗೇನೂ ಆತುರವಿಲ್ಲ. ನಿಜವಾಗಿ ಹೇಳುತ್ತಿದ್ದೇನೆ, ಅದಿಲ್ಲದೆ ಏನೂ ನಿಂತಿಲ್ಲ.

ಹಳೆಯ ರೆಕಾರ್ಡು ಯಾವುದೂ ಇಲ್ಲ. ಮದುವೆ ಮನೆಯಲ್ಲಿ ನಾನು ಯಾವಾಗಲೂ ಊಟದ ಪಂಕ್ತಿಯಲ್ಲಿರುತ್ತಿದ್ದೆ, ಅಲ್ಲಿ ಬಾಯಿಗೆ ಬೇರೆ ಕೆಲಸ.

ಚಿಕ್ಕಪ್ಪ


ಏಪ್ರಿಲ್ ೩

ಪ್ರೀತಿಯ ಚಿಕ್ಕಪ್ಪ,

ಯಾರೂ ಸಿಕ್ಕಿಲ್ಲ! ನಿನ್ನ ಮೇಷ್ಟ್ರಿಗೆ ಹೇಳು, ಹೆಣ್ಣುಮಗಳು ಒಂದು ದಿನ ಸುಮ್ಮನಿದ್ದರೆ ಅದಕ್ಕೆ ಗಂಡಸೇ ಕಾರಣ ಎಂಬ ಈ ಹಳಸಲು ವಿಚಾರದ ಮೇಲೆ ನನ್ನ ಬಳಿ ಹದಿನಾರು ಪುಟದ ಪುಸ್ತಿಕೆಯಿದೆ, ಬೇಕಿದ್ದರೆ ಕಳಿಸುತ್ತೇನೆ.

ನೀನು ಆತುರವಿಲ್ಲ ಎಂದು ಬರೆದದ್ದು ನನಗೆ ಸರಿಬರಲಿಲ್ಲ. "ಬೇಗ ಕಳಿಸು" ಎಂದವನು ಎರಡು ವಾರದಲ್ಲಿ "ಅದಿಲ್ಲದೆ ಏನೂ ನಿಂತಿಲ್ಲ" ಎಂದು ಯಾಕೆ ಬರೆಯುತ್ತಾನೆ? ಡಾಕ್ಟರು ಏನಾದರೂ ಹೇಳಿದರೇ? ಸರಿಯಾಗಿ ತಿನ್ನುತ್ತಿದ್ದೀಯಾ? ನೀನು ಕೈಚೆಲ್ಲಬಾರದು. ನಿನ್ನ ದನಿ ನಿನಗೆ ಸಿಕ್ಕೇ ಸಿಗುತ್ತದೆ, ಆ ಜವಾಬ್ದಾರಿ ನನ್ನದು. ನೀನು ಮನೆಗೆ ಬರುವ ಹೊತ್ತಿಗೆ ಎಲ್ಲ ಸಿದ್ಧವಿರುತ್ತದೆ. ಇದಕ್ಕಿಂತ ಹೆಚ್ಚು ಈಗ ಕೇಳಬೇಡ.

ಅಮ್ಮ ಚೆನ್ನಾಗಿದ್ದಾಳೆ. ನಿನ್ನೆ ಅಂಗಡಿಗೆ ಬಂದು, "ಆ ಡಬ್ಬೀಲಿ ಒಂದ್ಸಲ ಅವನ ದನಿ ಹಾಕೇ, ಕೇಳೋಣ" ಎಂದಳು. ಕರೆಂಟಿಲ್ಲ ಎಂದೆ. ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿ, ನನ್ನನ್ನು ನೋಡಿ, ಹೊರಟುಹೋದಳು.

ನನ್ನ ಗಂಟಲು ಕಟ್ಟಿದೆ. ಬೆಳಿಗ್ಗೆ ಅಂಗಡಿಗೆ ಯಾರೋ ರಾಂಗ್ ನಂಬರು ಮಾಡಿದ್ದ, ಸ್ವಲ್ಪ ಜೋರಾಗಿ ಮಾತಾಡಬೇಕಾಯಿತು. ಬೇರೇನಿಲ್ಲ.

ನಿನ್ನ
ಬೆಂಕಿಪೊಟ್ಟಣ


ಏಪ್ರಿಲ್ ೩

ಪುಟ್ಟಾ,

ಇವತ್ತು ಬೆಳಿಗ್ಗೆ ಅಂಗಡಿಗೆ ಫೋನು ಮಾಡಿದ್ದು ನಾನು.

ಹೆದರಬೇಡ, ಕೂತು ಓದು. ಮೊದಲು ನನ್ನ ಕಳ್ಳತನ ಹೇಳಿಬಿಡುತ್ತೇನೆ. ಬರೆಯುವಂಥದ್ದಲ್ಲ ಎಂದಿದ್ದೆನಲ್ಲ, ಆ ಬೆಳಗಿನ ಕಸರತ್ತು, ಅದು ಮಾತು. ಧ್ವನಿಪೆಟ್ಟಿಗೆ ಇಲ್ಲದವರು ಬಾಯಿಂದ ಗಾಳಿ ನುಂಗಿ, ಅನ್ನನಾಳದಿಂದ ತೇಗಿನಂತೆ ಮೇಲಕ್ಕೆ ಬಿಟ್ಟು, ಆ ತೇಗಿಗೆ ನಾಲಿಗೆ ತುಟಿ ಆಡಿಸಿ ಅಕ್ಷರ ಕೊಡಬೇಕು. ಮನೆಯಲ್ಲಿ ತೇಗಿದರೆ ಅತ್ತಿಗೆ ಎಂಥ ಮುಖ ಮಾಡುತ್ತಿದ್ದರು! ಇಲ್ಲಿ ತೇಗಿದರೆ ಚಪ್ಪಾಳೆ ತಟ್ಟುತ್ತಾರೆ. ಒಂದು ಉಸಿರಿಗೆ ಮೂರು ನಾಲ್ಕು ಅಕ್ಷರ ಬರುತ್ತಿದೆ. ಚೆನ್ನಾಗಿಲ್ಲ, ತುಕ್ಕು ಹಿಡಿದ ಗೇಟು ತೆರೆದ ಹಾಗಿದೆ. ನೀನು ಅಲ್ಲಿ ನನ್ನ ಹಳೆಯ ದನಿಗೆ ಒಂದೊಂದೇ ವಾಕ್ಯ ಇಸ್ತ್ರಿ ಹಾಕುತ್ತ ಕೂತಿರುವಾಗ, ನನಗೆ ಬೇರೆ ದನಿ ಬರುತ್ತಿದೆ ಎಂದು ಹೇಗೆ ಬರೆಯಲಿ? ಅದಕ್ಕೇ ಆತುರವಿಲ್ಲ ಎಂದು ಬರೆದೆ.

ಇವತ್ತು ಮೇಡಂ ಆಫೀಸಿನ ಫೋನಿನ ಮುಂದೆ ಕೂರಿಸಿದರು. "ಮನೆಯವರಿಗೇ ಮೊದಲು ಮಾಡಿ. ಅವರಷ್ಟು ತಾಳ್ಮೆಯಿಂದ ಬೇರೆ ಯಾರೂ ಕೇಳಲ್ಲ" ಎಂದರು. ಪಾಪ, ಅವರಿಗೆ ನಮ್ಮ ಮನೆ ಗೊತ್ತಿಲ್ಲ.

ನೀನು "ಹಲೋ" ಎಂದೆ. ನಾನು ಗಾಳಿ ನುಂಗಿದೆ. ಬಂದದ್ದು ಬರೀ "ಹ್ಹಾ."

"ಯಾರು? ಯಾರ್ರೀ ಅದು?"

ಮತ್ತೆ ಗಾಳಿ ಎಳೆದೆ.

"ಓಹೋ, ನೀವಾ! ಮುಖ ಅಂತೂ ತೋರ್ಸಲ್ಲ, ಈಗ ದನೀನೂ ಬದಲಾಯಿಸ್ಕೊಂಡು ಮಾಡ್ತೀರಾ? ಹೇಡಿಗಳು! ದುಡಿದು ತಿನ್ನೋಕೆ ಬರಲ್ವಾ? ತಿಗಣೆಗಳಾದ್ರೂ ಮಂಚದವನ ರಕ್ತ ಮಾತ್ರ ಕುಡಿಯುತ್ವೆ, ನೀವು ಇಡೀ ಲೋಕದ್ದು ಕುಡೀತೀರ!"

ಹೀಗೆ ಬಹಳ ಹೊತ್ತು ನಡೆಯಿತು. ಶೋಷಣೆ ಬಂತು, ಪರಾವಲಂಬಿ ಬಂತು, ನನಗೆ ಅರ್ಥವಾಗದ ಎರಡು ಪದವೂ ಬಂತು. ನಾನು ಇನ್ನೂ "ನಾ" ಎನ್ನುವುದರಲ್ಲೇ ಇದ್ದೆ. ಆಮೇಲೆ ನಿನ್ನ ದನಿ ಇಳಿಯಿತು.

"ಆ ಫೈಲ್‌ಗಳಲ್ಲಿ ಏನಿದೆ ಗೊತ್ತೇನೋ ನಿಂಗೆ? ಗಂಟಲು ಕೊಯ್ಸಿಕೊಂಡ ಮನುಷ್ಯನ ದನಿ ಕಣೋ ಅದು. ಅವನ ಹತ್ರ ಬೇರೆ ಇಲ್ಲ. ದುಡ್ಡು ಹೊಂದಿಸ್ತಾ ಇದೀನಿ, ಸ್ವಲ್ಪ ತಡೀರಿ. ಅಳಿಸ್ಬೇಡಿ. ನಿಮ್ಮ ದಮ್ಮಯ್ಯ, ಅಳಿಸ್ಬೇಡಿ."

ನೀನು ಫೋನು ಇಟ್ಟೆ. ನನ್ನ "ನಾನು ಕಣೇ" ಅಷ್ಟು ಹೊತ್ತಿಗೆ ಹೊರಗೆ ಬಂತು, ಕೇಳಲು ಯಾರೂ ಇರಲಿಲ್ಲ.

ಮೇಡಂ "ಏನಂದ್ರು ಮಗಳು?" ಎಂದು ಕೇಳಿದರು. ಸ್ಲೇಟಿನ ಮೇಲೆ ಬರೆದೆ: ತುಂಬಾ ಪ್ರೀತಿಯ ಮಾತಾಡಿದಳು.

ಈಗ ಹೇಳು. ಬಿಡಿಸಿ ಹೇಳು. ನನ್ನ ದನಿ ಯಾರ ಬಳಿ ಇದೆ?

ನಿನ್ನ ಚಿಕ್ಕಪ್ಪ


ಏಪ್ರಿಲ್ ೯

ಚಿಕ್ಕಪ್ಪ,

ನನ್ನ ಮೂರನೇ ತಾರೀಖಿನ ಕಾಗದ ನಿನಗೆ ತಲುಪಿರುತ್ತದೆ. ಅದನ್ನು ಹರಿದುಹಾಕು. ಅದರಲ್ಲಿ ಅಮ್ಮ ಬಂದು ಹೋದದ್ದೊಂದೇ ನಿಜ.

ನಿನ್ನ ಮೊದಲ ಮಾತಿಗೆ ನಾನು ಹಾಗೆ ಉತ್ತರ ಕೊಟ್ಟೆನಲ್ಲ ಎಂದು ಎರಡು ದಿನ ಅನ್ನ ಸೇರಲಿಲ್ಲ. ಆಮೇಲೆ ಸಿಟ್ಟೂ ಬಂತು. ನಿನಗೆ ಮಾತು ಬರುತ್ತಿದೆ ಎಂದು ನನಗೆ ಯಾಕೆ ಹೇಳಲಿಲ್ಲ? ನಾನು ನೊಂದುಕೊಳ್ಳುತ್ತೇನೆ ಎಂದೇ? ಕುಣಿದಾಡುತ್ತಿದ್ದೆ! ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೇನು ಯೋಗ್ಯತೆಯಿದೆ, ಅದು ಬೇರೆ.

ನಡೆದದ್ದು ಇದು. ಮಾರ್ಚ್ ಹದಿನೈದರಂದು ನನಗೊಂದು ಮೇಲ್ ಬಂತು, ಪರಿಚಯದ ಸಂಘದವರ ಹೆಸರಿನಲ್ಲಿ. "ಕೂಲಿಯ ಹೊಸ ಆದೇಶ, ತಕ್ಷಣ ಓದಿ ಹಂಚಿ." ಲಾಟರಿ ಬಂದಿದೆ ಎಂದಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಇದನ್ನು ತೆರೆಯದೆ ಹೇಗಿರಲಿ? ತೆರೆದೆ. ಖಾಲಿ ಹಾಳೆ. ಸ್ವಲ್ಪ ಹೊತ್ತಿಗೆ ಆಂಟಿವೈರಸ್ ಕೆಂಪಾಗಿ ಕೂಗಿಕೊಂಡಿತು. ಅಷ್ಟರಲ್ಲಿ ನಿನ್ನ ವಾಕ್ಯಗಳಲ್ಲಿ ಮುಕ್ಕಾಲು ಪಾಲಿಗೆ ಬೀಗ ಬಿದ್ದಿತ್ತು. ಫೈಲುಗಳು ಇದ್ದಲ್ಲೇ ಇವೆ, ಹೆಸರೂ ಇದೆ, ತೆರೆದರೆ ಏನೂ ಕೇಳಿಸುವುದಿಲ್ಲ. ಪರದೆಯ ಮೇಲೆ ಒಂದು ಓಲೆ: ದುಡ್ಡು ಕೊಟ್ಟರೆ ಕೀಲಿ, ಕೊಡದಿದ್ದರೆ ಕೀಲಿಯನ್ನು ನಾಶ ಮಾಡುತ್ತೇವೆ. ಇದಕ್ಕೆ ರಾನ್ಸಮ್‌ವೇರ್ ಎನ್ನುತ್ತಾರೆ. ನಿನ್ನ ಸಾಮಾನನ್ನು ನಿನ್ನ ಮನೆಯಲ್ಲೇ ಒತ್ತೆಯಿಟ್ಟು ನಿನ್ನಿಂದಲೇ ಸುಲಿಯುವ ದಂಧೆ.

ಆಂಟಿವೈರಸ್ ಮಾಡಿದವರನ್ನು ತೊಳೆದು ನೀರಿಳಿಸಬೇಕೆಂದು ಕೂತೆ, ಅದಕ್ಕಾಗಿ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಷ್ಟೂ ಬಾಣ ನನ್ನ ಕಡೆಗೇ ತಿರುಗಿತು. ಅದರ ಬಳಿ ಹಳೆಯ ಕಳ್ಳರ ಮುಖಗಳ ಪಟ್ಟಿ ಇರುತ್ತದೆ, ಆ ಮುಖಗಳನ್ನು ಬಾಗಿಲಲ್ಲೇ ಹಿಡಿಯುತ್ತದೆ. ಇವನು ಹೊಸಬ, ಪಟ್ಟಿಯಲ್ಲಿರಲಿಲ್ಲ. ಹೊಸಬರನ್ನು ನಡತೆಯಿಂದ ಗುರುತಿಸಬೇಕು. ಒಬ್ಬನೇ ಅಷ್ಟೊಂದು ಫೈಲುಗಳನ್ನು ಸರಸರನೆ ಬದಲಾಯಿಸುತ್ತಿದ್ದಾನೆ ಎಂದು ಕಂಡ ಮೇಲೆ ಅದು ಅವನನ್ನು ಹಿಡಿದು ಹೊರಗೆ ಹಾಕಿತು. ಉಳಿದ ಕಾಲು ಪಾಲು ಉಳಿದದ್ದು ಅದರಿಂದಲೇ. ಆದರೆ ಕಳ್ಳನನ್ನು ಹಿಡಿದ ಮಾತ್ರಕ್ಕೆ ಬೀಗ ತೆರೆಯುವುದಿಲ್ಲ, ಕೀಲಿ ಅವನ ಜೇಬಿನಲ್ಲಿ ಇರುವುದಿಲ್ಲ.

ಮತ್ತೆ ಆ ಫೋಲ್ಡರಿನ ಕಾವಲು. ಅದೊಂದು ಇದ್ದಿದ್ದರೆ ಮೊದಲನೇ ಫೈಲಿನಲ್ಲೇ ತಡೆಯುತ್ತಿತ್ತು, ಮುಖ ಹೊಸದಾದರೂ ತಡೆಯುತ್ತಿತ್ತು. ನನ್ನ ದನಿ ತೊಳೆಯುವ ಪ್ರೋಗ್ರಾಮು ಒಂದಕ್ಕೆ ಮಾತ್ರ ಒಳಗೆ ಬಿಡು ಎಂದು ಹೇಳಲು ಅಲ್ಲೇ ಒಂದು ಗುಂಡಿಯಿತ್ತು ಚಿಕ್ಕಪ್ಪ. ನಾನು ಅದನ್ನು ಓದಲೇ ಇಲ್ಲ. ತಡೆಯುವವ ಎಂದು ಕಂಡದ್ದೇ ತಡ, ಹೋರಾಟಕ್ಕೆ ಇಳಿದೆ. ನಕಲಿಟ್ಟ ಡಿಸ್ಕು ಕಂಪ್ಯೂಟರಿಗೆ ಚುಚ್ಚಿಕೊಂಡೇ ಇತ್ತಲ್ಲ, ಕಳ್ಳನಿಗೆ ಅದೂ ಅದೇ ಮನೆಯ ಇನ್ನೊಂದು ಕೋಣೆ. ಕಿತ್ತು ಅಮ್ಮನ ಟ್ರಂಕಿನಲ್ಲಿ ಇಟ್ಟಿದ್ದರೆ ಅವನ ಕೈ ಅಲ್ಲಿಗೆ ಹೋಗುತ್ತಿರಲಿಲ್ಲ. ಬಾಡಿಗೆಗೆ ತಂದಿದ್ದ ರೆಕಾರ್ಡರನ್ನು ಅಳಿಸಿ ವಾಪಸು ಕೊಟ್ಟಾಗಿತ್ತು. ಆಂಟಿವೈರಸ್ ಒಳ್ಳೆಯ ಕಾವಲುಗಾರ ಎಂದು ಈಗ ಒಪ್ಪುತ್ತೇನೆ. ಕಾವಲುಗಾರನಿದ್ದಾನೆ ಎಂದು ಇರುವುದನ್ನೆಲ್ಲ ಒಂದೇ ಮನೆಯಲ್ಲಿಡುವವಳು ದಡ್ಡಿ.

ಇನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ನಾನು ಅವರಿಗೆ ದುಡ್ಡು ಕೊಡಲು ಒಪ್ಪಿದ್ದೇನೆ. ಅಂಗಡಿಯ ಯಜಮಾನರಲ್ಲಿ ಮುಂಗಡ ಕೇಳಿದೆ, ಸೈಕಲ್ಲು ಮಾರಿದೆ. ಮಾತಾಡಲು ಅಂಗಡಿಯ ನಂಬರನ್ನೂ ನಾನೇ ಕೊಟ್ಟಿದ್ದೆ, ಅದಕ್ಕೇ ನೀನು ಮಾಡಿದಾಗ ಅವರೆಂದುಕೊಂಡೆ. ಒಂದು ಕಾಸೂ ಇಲ್ಲ ಎಂದು ಊರಿಗೆಲ್ಲ ಹಂಚಿದವಳು ಗುಟ್ಟಾಗಿ ಗಂಟು ಕಟ್ಟುತ್ತಿದ್ದೇನೆ. ಅಜ್ಜಿಯ ಕಟ್ಟೆಯ ಮುಂದೆ ಹೋಗುವುದು ಬೇಡವೆಂದು ಈಗ ಹಿಂದಿನ ಬೀದಿಯಿಂದ ಅಂಗಡಿಗೆ ಹೋಗುತ್ತೇನೆ. ಆದರೂ ನಿನ್ನ ದನಿಯ ಮುಂದೆ ನನ್ನ ಮಾತು ದೊಡ್ಡದಲ್ಲ ಎಂದು ನಿರ್ಧರಿಸಿದೆ.

ಅವರು ಕೊಟ್ಟ ಗಡುವು ಇಪ್ಪತ್ತೊಂದನೇ ತಾರೀಖು. ಕೊಟ್ಟರೂ ಕೀಲಿ ಕೊಡುತ್ತಾರೆಂಬ ಖಾತ್ರಿಯಿಲ್ಲ. ದನಿ ನಿನ್ನದು, ನಿನ್ನನ್ನು ಕೇಳದೆ ಇಷ್ಟು ದಿನ ನಿರ್ಧಾರ ಮಾಡಿದ್ದೇ ತಪ್ಪು. ನೀನು ಕೊಡು ಎಂದರೆ ಕೊಡುತ್ತೇನೆ, ನಾಚಿಕೆಯಿಲ್ಲದೆ ಕೊಡುತ್ತೇನೆ. ಬೇಡ ಎಂದರೆ ಬೇಡ. ನನ್ನ ತತ್ವದ ಮುಖ ನೋಡಿ ಬೇಡ ಎನ್ನಬೇಡ, ಅಷ್ಟೇ ನನ್ನ ಕೋರಿಕೆ.

ನಿನ್ನ
ಬೆಂಕಿಪೊಟ್ಟಣ (ಒದ್ದೆಯಾದದ್ದು)


ಏಪ್ರಿಲ್ ೧೪

ನನ್ನ ಕಂದಾ,

ನಿನ್ನ ಕಾಗದ ಓದಿ ಅತ್ತುಬಿಟ್ಟೆ. ಇದನ್ನು ಮೊದಲೇ ಬರೆಯುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ನೀನು ನಂಬುವುದಿಲ್ಲ. ಮೇಷ್ಟ್ರು ಸ್ಲೇಟಿನಲ್ಲಿ ಏನೋ ಬರೆಯಹೋಗಿ, ಅಳಿಸಿ, ಕಿಟಕಿ ತೆರೆದರು. ಅವರಿಗೆ ಕಿಟಕಿ ತೆರೆಯುವುದು ಎಂದರೆ ಆಗದು, ನಿನಗೆ ಗೊತ್ತು.

ದುಡ್ಡು ಕೊಡಬೇಡ.

ನಿನ್ನ ತತ್ವದ ಮುಖ ನೋಡಬೇಡ ಎಂದೆಯಲ್ಲ, ನೋಡಲಿಲ್ಲ. ನನ್ನ ಮುಖ ನೋಡಿಕೊಂಡು ಹೇಳುತ್ತಿದ್ದೇನೆ. ನೀನು ಕೊಟ್ಟೆ, ಕೀಲಿ ಬಂತು, ಯಂತ್ರವೂ ಬಂತು ಎಂದುಕೋ. ನಾನು ಅದನ್ನು ಹಿಡಿದುಕೊಂಡು ಅಜ್ಜಿಯ ಕಟ್ಟೆಯ ಮುಂದೆ ನಿಂತೆ. ಅವಳು ಕೇಳುತ್ತಾಳೆ, ನೀನು ಬಲ್ಲೆ ಅವಳನ್ನು: "ಎಲ್ಲಿಂದ ತಂದ್ಯೋ ಇದನ್ನ?" ಆಗ ಆ ಯಂತ್ರದಲ್ಲಿ ಯಾವ ಗುಂಡಿ ಒತ್ತಲಿ? ನಿನ್ನ ಮಾತು ನಂಬಿ ಬುಟ್ಟಿ ಬೋರಲು ಹಾಕಿಸಿಕೊಂಡವಳ ಎದುರು, ನೀನು ಮಾತು ಮುರಿದು ತಂದ ದನಿಯಲ್ಲಿ ನನಗೆ ಕೂಗಲಾಗದು. ಹಾಗೆ ಬಂದ ಮೇಲೆ ಅದು ನನ್ನದು ಎನ್ನಿಸುವುದೂ ಇಲ್ಲ.

ಇನ್ನೊಂದು ಇದೆ. ನೀನು ಹಿಂದಿನ ಬೀದಿಯಿಂದ ಹೋಗುತ್ತೇನೆ ಎಂದು ಬರೆದದ್ದು ನನ್ನನ್ನು ನನ್ನ ಗಂಟಲಿಗಿಂತ ಜಾಸ್ತಿ ನೋಯಿಸಿತು. ನಿನ್ನಪ್ಪ ಹೋದಾಗ ನಿನಗೆ ಇನ್ನೂ ಹಲ್ಲು ಬಿದ್ದಿರಲಿಲ್ಲ. ಆಗಿನಿಂದ ನೀನು ಆ ಮಾರುಕಟ್ಟೆಯ ನಟ್ಟನಡುವೆ ನನ್ನ ಹೆಗಲ ಮೇಲೆ ಕೂತು ತಿರುಗಿದವಳು. ನಾಳೆಯೇ ಮುಂದಿನ ಬೀದಿಯಿಂದ ಹೋಗು. ಸೈಕಲ್ಲು ಹೋದದ್ದು ಒಳ್ಳೆಯದಾಯಿತು, ನಡೆದೇ ಹೋಗು, ಎಲ್ಲರೂ ನೋಡಲಿ.

ಆ ಹಳೆಯ ದನಿಯ ಮೇಲೆ ನನಗೆ ಆಸೆಯಿಲ್ಲ ಎಂದರೆ ಸುಳ್ಳಾಗುತ್ತದೆ. ಅದು ಬಹಳ ಒಳ್ಳೆಯ ದನಿಯಾಗಿತ್ತು. ನಿನ್ನೆಯ ಮೀನನ್ನು ಇವತ್ತಿನದೆಂದು ಎಷ್ಟು ಸಲ ಮಾರಿದೆ ಅದರಲ್ಲಿ! ಇರಲಿ. ಇದ್ದಷ್ಟು ದಿನ ಚೆನ್ನಾಗಿ ದುಡಿಯಿತು.

ಈ ಹೊಸದನ್ನು ಕೇಳಿ ನಿನಗೆ ಹೇಗನ್ನಿಸುತ್ತದೋ ಎಂಬುದೊಂದೇ ನನ್ನ ಭಯ. ಮಾರುಕಟ್ಟೆಯಲ್ಲಿ ನಾನು ಬಾಯಿ ತೆರೆದಾಗ ಜನ ತಿರುಗಿ ನೋಡುತ್ತಾರೆ. ಪಕ್ಕದಲ್ಲಿ ನಿಂತಿರಲು ನಿನಗೆ ಮುಜುಗರವಾದರೆ ಹೇಳಬೇಕು, ಮುಚ್ಚಿಡಬಾರದು. ನಮ್ಮಿಬ್ಬರಿಗೂ ಮುಚ್ಚಿಡಲು ಬರುವುದಿಲ್ಲ ಎಂದು ಗೊತ್ತಾಯಿತಲ್ಲ.

ಇಪ್ಪತ್ತೆರಡರಂದು ಮಧ್ಯಾಹ್ನ ಅಂಗಡಿಗೆ ಫೋನು ಮಾಡುತ್ತೇನೆ. ಎರಡು ಮಾತಿನ ನಡುವೆ ಗಾಳಿ ತುಂಬಿಕೊಳ್ಳಬೇಕು, ತಡವಾಗುತ್ತದೆ. ಹುಟ್ಟಿದಾಗಿನಿಂದ ಯಾರ ಮಾತನ್ನೂ ಪೂರ್ತಿಯಾಗಲು ಬಿಡದವಳು ನೀನು. ಅವತ್ತು ಸ್ವಲ್ಪ ಕಾಯಿ.

ನಿನ್ನ ಚಿಕ್ಕಪ್ಪ


ಏಪ್ರಿಲ್ ೨೨

ಚಿಕ್ಕಪ್ಪ,

ನೀನು ಫೋನು ಇಟ್ಟು ಇನ್ನೂ ಸ್ವಲ್ಪ ಹೊತ್ತಾಗಿದೆ ಅಷ್ಟೇ. ಯಜಮಾನರು ಗಿರಾಕಿಗಳನ್ನು ತಾವೇ ನೋಡಿಕೊಳ್ಳುತ್ತೇನೆ ಎಂದು ನನ್ನನ್ನು ಹಿಂದಿನ ಕೋಣೆಗೆ ಕಳಿಸಿದ್ದಾರೆ.

ಮೊದಲು ಲೋಕದ ಸುದ್ದಿ. ನಿನ್ನೆ ಗಡುವು ಮುಗಿಯಿತು. ನಾನು ದುಡ್ಡು ಕೊಡಲಿಲ್ಲ. ಯಜಮಾನರ ಮುಂಗಡವನ್ನು ಹಿಂದಕ್ಕೆ ಕೊಟ್ಟೆ. ಪೊಲೀಸರಿಗೂ ಬರೆದು ಕೊಟ್ಟು ಬಂದೆ. ಬೀಗ ಬಿದ್ದ ಫೈಲುಗಳನ್ನು ಎಸೆದಿಲ್ಲ. ಇಂಥ ಕಳ್ಳರು ಎಲ್ಲಾದರೂ ಸಿಕ್ಕಿಬಿದ್ದಾಗ ಕೀಲಿಗಳು ಹೊರಗೆ ಬರುವುದುಂಟಂತೆ, ವರ್ಷಗಳಾಗಬಹುದು, ಬಾರದೆಯೂ ಇರಬಹುದು. ಒಂದು ಡಿಸ್ಕಿಗೆ ಹಾಕಿ, ಕಿತ್ತು, ಟ್ರಂಕಿನಲ್ಲಿ ಇಟ್ಟಿದ್ದೇನೆ. ಕಂಪ್ಯೂಟರನ್ನು ಪೂರ್ತಿ ಒರೆಸಿ ಹೊಸದಾಗಿ ತುಂಬಿದೆ. ಫೋಲ್ಡರಿನ ಬಾಗಿಲಿಗೆ ಕಾವಲು ಹಾಕಿದೆ, ನನ್ನ ಪ್ರೋಗ್ರಾಮಿಗೆ ಮಾತ್ರ ಒಪ್ಪಿಗೆ ಕೊಟ್ಟೆ. ಅದು ತಡೆಯುವಾಗ ಈಗಲೂ ಸಿಟ್ಟು ಬರುತ್ತದೆ. ಹಲ್ಲು ಕಚ್ಚಿಕೊಂಡು ಓದುತ್ತೇನೆ.

ದನಿ ಕಟ್ಟುವವರು ಉಳಿದ ವಾಕ್ಯಗಳನ್ನು ಕೇಳಿ, ಇಷ್ಟರಲ್ಲಿ ಕಟ್ಟಿದರೆ ಅರ್ಧ ನೀನು, ಅರ್ಧ ಯಾರೋ ಆಗುತ್ತದೆ ಎಂದರು. ಬೇಡ ಎಂದೆ. ಆ ವಾಕ್ಯಗಳನ್ನು ಅಮ್ಮನಿಗೆ ಹಾಕಿದೆ, ನಡೆದದ್ದನ್ನೆಲ್ಲ ಹೇಳಿದ ಮೇಲೆ. ಅವಳು ಕೇಳಿ, "ಕರೆಂಟ್ ಬಂತಾ?" ಎಂದಳು. ಅಷ್ಟೇ. ಆಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿದಳು, ಚೂರು ಜೋರಾಗಿಯೇ.

ಮುಂದಿನ ಬೀದಿಯಿಂದಲೇ ಹೋಗುತ್ತಿದ್ದೇನೆ. ಅಜ್ಜಿಗೂ ಹೇಳಿದೆ, ಕೊಡಲು ಹೊರಟಿದ್ದೆ ಎಂಬುದನ್ನೂ ಬಿಡದೆ. ಅವಳು ಬೆಳ್ಳುಳ್ಳಿ ಬಿಡಿಸುತ್ತಲೇ ಕೇಳಿ, "ನಾನೂ ಕೊಡೋಣ ಅಂತಾನೇ ಇದ್ದೆ ಕಣೇ ಅವತ್ತು. ಚಿಲ್ಲರೆ ಇರ್ಲಿಲ್ಲ" ಎಂದು ನಕ್ಕಳು. ನನ್ನನ್ನು ಸಮಾಧಾನ ಮಾಡಲು ಹಾಗೆಂದಳೋ, ನಿಜವೋ, ದೇವರಿಗೇ ಗೊತ್ತು.

ಈಗ ಫೋನಿನ ವಿಷಯ. ನಿನ್ನ ದನಿ ಚೆನ್ನಾಗಿಲ್ಲ ಚಿಕ್ಕಪ್ಪ. ಮುಚ್ಚಿಡಬಾರದು ಎಂದೆಯಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಗೇಟು ಎಂದು ನೀನು ಬರೆದದ್ದು ಕಡಿಮೆಯೇ ಆಯಿತು. ಮೊದಲ ಅಕ್ಷರ ಕೇಳಿ ಎದ್ದು ನಿಂತುಬಿಟ್ಟೆ. ಅಮ್ಮ ಬೆಳಗಿನಿಂದ ಇಸ್ತ್ರಿ ಸೀರೆಯುಟ್ಟು ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದಳು, ಅವಳು ನನ್ನ ಕೈ ಹಿಡಿದುಕೊಂಡಳು. ನಾನು ನಡುವೆ ಬಾಯಿ ಹಾಕಲಿಲ್ಲ, ನೀನೇ ಸಾಕ್ಷಿ. ನೀನು ಗಾಳಿ ನುಂಗುವುದು ಕೇಳಿಸುತ್ತಿತ್ತು. ಕಾದೆ. ನೀನು "ಊಟ" ಎಂದೆ. ಮತ್ತೆ ನುಂಗಿದೆ. ನಾನು ಕಾದೆ. "ಆಯ್ತಾ?"

ಇಷ್ಟು ದಿನದ ಮೇಲೆ, ಇಷ್ಟೆಲ್ಲ ಆದ ಮೇಲೆ, ಅಷ್ಟು ಕಷ್ಟಪಟ್ಟು ತಂದ ಗಾಳಿಯಲ್ಲಿ ನಿನಗೆ ಕೇಳಬೇಕೆನಿಸಿದ್ದು ಅದನ್ನೇ?

ನಾನು ಫೋನಿನ ಮುಂದೆ ಪೆದ್ದಿಯ ಹಾಗೆ ತಲೆಯಾಡಿಸಿದೆ. ಅಮ್ಮ ಕಿತ್ತುಕೊಂಡು, "ಏನಯ್ಯಾ, ಗಂಟಲು ಹೋದ್ರೂ ಯಜಮಾನಿಕೆ ಹೋಗ್ಲಿಲ್ಲ ನಿಂದು" ಎಂದು ನಿನ್ನನ್ನು ಗದರಿಸಿದ್ದು ಕೇಳಿಸಿತಲ್ಲ? ಅವಳು ಅಳುತ್ತಿದ್ದಳು, ನಿನಗೆ ಅದು ಕೇಳಿಸಿರಲಿಕ್ಕಿಲ್ಲ.

ಮುಂದಿನ ವಾರ ನೀನು ಬರುವಾಗ ಬಸ್ ಸ್ಟ್ಯಾಂಡಿನಿಂದ ಮಾರುಕಟ್ಟೆಯ ನಡುವೆಯೇ ನಡೆದು ಬರೋಣ. ಯಾರು ಬೇಕಾದರೂ ತಿರುಗಿ ನೋಡಲಿ. ನೀನು ಮಾತಾಡು, ನಾನು ಪಕ್ಕದಲ್ಲಿರುತ್ತೇನೆ.

ನೀನು ಕೇಳಿದ್ದಕ್ಕೆ ಉತ್ತರ ಬಾಕಿಯಿದೆ. ಇಲ್ಲ ಚಿಕ್ಕಪ್ಪ, ಇನ್ನೂ ಆಗಿಲ್ಲ. ನೀನು ಬಾ.

ನಿನ್ನ
ಬೆಂಕಿಪೊಟ್ಟಣ